ಅರ್ಧ ಭಾರ, ಎರಡರಷ್ಟು ವೇಗ

ನನ್ನ ಅತ್ತೆ ಮರ ಕೊಯ್ಯುವ ಕಾರ್ಖಾನೆಯಲ್ಲಿ ಮೇಸ್ತ್ರಿ. ಅಂಗಳದಿಂದ ಗರಗಸದ ಕೋಣೆಗೆ ಕಬ್ಬಿಣದ ಹಳಿ ಹಾಕಿದ್ದಾರೆ. ದಿಮ್ಮಿ ಹೇರಿದ ಗಾಡಿಯನ್ನು ಇಬ್ಬರು ತಳ್ಳಿ ಕೈಬಿಡುತ್ತಾರೆ. ಅದು ಉರುಳಿ ಹೋಗಿ ಹಳಿಯ ತುದಿಯಲ್ಲಿ ಕಟ್ಟಿದ ಹಳೇ ಟೈರುಗಳಿಗೆ ಗುದ್ದಿ ನಿಲ್ಲುತ್ತದೆ. ಟೈರುಗಳ ಆಚೆ ಸ್ಟೂಲಿನ ಮೇಲೆ ಮಾವ ಕೂತು ಗರಗಸದ ಹಲ್ಲು ಮಸೆಯುತ್ತಾರೆ. ಅವರ ಒಂದು ಕಾಲು ಮಡಚುವುದಿಲ್ಲ. ಎದ್ದು ಓಡುವ ಮಾತೇ ಇಲ್ಲ.

ತುಂಬು ಗಾಡಿ ತಳ್ಳಿ ಸೊಂಟ ಬಿದ್ದುಹೋಗುತ್ತಿದೆ ಎಂದು ತಳ್ಳುವವರು ಗೊಣಗಿದಾಗ ಅತ್ತೆಯೇ ದಾರಿ ಹುಡುಕಿದರು.

"ಗಾಡೀನೂ ಸೇರಿ ಭಾರ ಅರ್ಧ ಮಾಡೋಣ. ಕೆಲಸ ತಡವಾಗದ ಹಾಗೆ ಎರಡರಷ್ಟು ಜೋರಾಗಿ ಬಿಡೋಣ. ಅಲ್ಲಿಗಲ್ಲಿಗೆ ಸರಿಹೋಗುತ್ತೆ."

ಭಾರವನ್ನು ವೇಗದಿಂದ ಗುಣಿಸಿ ನೋಡಿದ್ದರು. ಎರಡು ಸಲವೂ ಒಂದೇ ಉತ್ತರ ಬಂದಿತ್ತು; ಟೈರುಗಳಿಗೆ ಬೀಳುವ ಪೆಟ್ಟೂ ಅಷ್ಟೇ ಎಂದುಕೊಂಡಿದ್ದರು.

ಹಾಗೆ ಬಿಟ್ಟ ಮೊದಲ ಗಾಡಿಯೇ ಟೈರುಗಳನ್ನು ಕಿತ್ತುಕೊಂಡು, ಹಳಿ ಬಿಟ್ಟು ಇಳಿದು, ಮಾವನ ಮೊಣಕಾಲ ಪಕ್ಕಕ್ಕೆ ಬಂದು ನಿಂತಿತು.

"ಕರೆದಿದ್ರೆ ನಾನೇ ಬರ್ತಿದ್ನಲ್ಲೇ," ಎಂದರು ಮಾವ.

ಆ ದಿನ ಅತ್ತೆ ಊಟ ಮಾಡಲಿಲ್ಲ. ತಪ್ಪು ಎಲ್ಲಾಯಿತು ಎಂದು ತಿಳಿಯದೆ ಗಂಡನನ್ನು ಮತ್ತೆ ಅಲ್ಲಿ ಕೂರಿಸುವುದು ಅವರಿಂದಾಗದು.

ಮರುದಿನ ಮಾವನನ್ನು ಹೊರಗೆ ಕಳಿಸಿ, ಟೈರುಗಳ ಜಾಗದಲ್ಲಿ ಮರದ ಹೊಟ್ಟಿನ ದೊಡ್ಡ ರಾಶಿ ಹಾಕಿಸಿದರು. ಒಂದೇ ಭಾರದ ಗಾಡಿಯನ್ನು ಮೊದಲು ನಿಧಾನವಾಗಿ, ಆಮೇಲೆ ಎರಡರಷ್ಟು ವೇಗದಲ್ಲಿ ಬಿಡಿಸಿದರು. ವೇಗ ತಿಳಿಯಲು ಹಳಿಯ ಪಕ್ಕದ ಕೊನೆಯ ಕಂಬದಿಂದ ರಾಶಿ ಮುಟ್ಟುವವರೆಗೆ ಬಾಯಲ್ಲಿ ಎಣಿಸುತ್ತಿದ್ದರು. ಮೊದಲ ಸಲ ಗಾಡಿ ಹೊಟ್ಟಿನೊಳಗೆ ಒಂದು ಗೇಣು ಹೊಕ್ಕಿತು. ಎರಡನೆಯ ಸಲ ಹೆಚ್ಚುಕಡಿಮೆ ನಾಲ್ಕು ಗೇಣು.

ಅತ್ತೆ ಅಲ್ಲೇ ಕುಕ್ಕರುಗಾಲಲ್ಲಿ ಕೂತರು. ಭಾರವನ್ನು ಒಂದು ಸಲ ಲೆಕ್ಕಕ್ಕೆ ಹಿಡಿದರೆ ಸಾಕು. ವೇಗವನ್ನು ಮಾತ್ರ ವೇಗದಿಂದಲೇ ಗುಣಿಸಿ ಹಿಡಿಯಬೇಕು. ಓಡುವ ವಸ್ತುವಿನ ಚಲನಶಕ್ತಿಯ ಲೆಕ್ಕವೇ ಹಾಗೆ. ಭಾರ ಅರ್ಧವಾದಾಗ ಶಕ್ತಿ ಅರ್ಧಕ್ಕಿಳಿದಿತ್ತು, ವೇಗ ಎರಡರಷ್ಟಾದಾಗ ನಾಲ್ಕು ಪಟ್ಟು ಏರಿತ್ತು. ಒಟ್ಟಿನಲ್ಲಿ ಟೈರುಗಳ ಮೇಲೆ ಮೊದಲಿನ ಎರಡರಷ್ಟು ಬಿದ್ದಿತ್ತು.

"ಅರ್ಧ ಭಾರಕ್ಕೆ ಒಂದೂವರೆಯಷ್ಟು ಜೋರು ಆಗಬಹುದಾ ಅಕ್ಕಾ?" ಎಂದ ತಳ್ಳುವವರಲ್ಲಿ ಒಬ್ಬ.

ಅತ್ತೆ ಬೆರಳು ಮಡಚಿದರು. "ಆಗಲೂ ಮೊದಲಿಗಿಂತ ಚೂರು ಜಾಸ್ತೀನೇ. ಒಂದೂಕಾಲು ಅಂದ್ರೆ…"

"ಏನೇ, ನನ್ನ ಜೀವಕ್ಕೂ ಚೌಕಾಸಿನಾ?" ಬಾಗಿಲ ಬಳಿಯಿಂದ ಮಾವ ಕೂಗಿದರು. ಎಲ್ಲರೂ ನಕ್ಕರು.

ಅತ್ತೆ ನಗಲಿಲ್ಲ. ಮಡಚಿದ ಬೆರಳುಗಳನ್ನು ಬಿಚ್ಚಿದರು.

"ಭಾರ ಅರ್ಧಾನೇ ಇರಲಿ. ವೇಗ ಹಳೇದೇ. ಕೆಲಸ ತಡವಾದ್ರೆ ಆಗಲಿ, ಯಜಮಾನರ ಹತ್ರ ಬೈಸ್ಕೊಳ್ಳೋಕೆ ನಾನಿದ್ದೀನಿ."