ತೊಲೆಯ ಗಂಟು

…ಅವರ ಎಡಗೈ ಹೆಬ್ಬೆರಳಿನಲ್ಲಿ ಉಗುರಿರಲಿಲ್ಲ, ಆ ಜಾಗದಲ್ಲಿ ಹುಣಸೆ ಬೀಜದಂತೆ ಕಪ್ಪಗೆ, ಗಟ್ಟಿಯಾಗಿ ಏನೋ ಕೂತಿತ್ತು ಎಂದು ಬರೆದೆ. ಬರೆದ ಮೇಲೆ ಅದು ಬಲಗೈಯೇನೋ ಅನ್ನಿಸಿತು. ಎಂಟು ವರ್ಷ ಆ ಕೈಗಳನ್ನು ನೋಡಿದ್ದೇನೆ. ಇದೇ ನೆನಪಿಲ್ಲದವನು ಮುಂದಿನದನ್ನು ಹೇಗೆ ಹೇಳಲಿ? ಹೇಳದೆ ಇರಲೂ ಆಗುತ್ತಿಲ್ಲ.

ನಾವು ಅವರನ್ನು ಆಚಾರ್ರು ಎನ್ನುತ್ತಿದ್ದೆವು. ಪಾಂಡವಪುರದಲ್ಲಿ ಅವರ ಮರಗೆಲಸದ ಶೆಡ್ಡು. ಬಾಗಿಲು ಕಿಟಕಿಗಿಂತ ನಾಟಕದ ಸ್ಟೇಜು ಕಟ್ಟುವುದರಲ್ಲಿ ಅವರಿಗೆ ಹೆಸರು. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಊರುಗಳಲ್ಲಿ ಪೌರಾಣಿಕ ನಾಟಕ ಆಡುವವರು ಸೀನರಿ ಪರದೆಯವರಿಗಿಂತ ಮೊದಲು ಇವರನ್ನು ಗೊತ್ತುಮಾಡುತ್ತಿದ್ದರು. ನಾನು ಶಾಲೆಯ ಮೇಷ್ಟ್ರು. ರಜೆಗಳಲ್ಲಿ ನನ್ನದೇ ರೀತಿಯ ನಾಟಕ ಆಡಿಸುವವನು.

ಅವರದೊಂದು ಪದ್ಧತಿಯಿತ್ತು. ಸ್ಟೇಜು ಕಟ್ಟಿ ಮುಗಿದ ಮೇಲೆ ಪಾತ್ರಧಾರಿಗಳನ್ನೆಲ್ಲ ಮೇಲೆ ಹತ್ತಿಸಿ ನೆಗೆಯಲು ಹೇಳಿ, ತಾವು ಅದರ ಕೆಳಗೆ ಅಂಗಾತ ಮಲಗುತ್ತಿದ್ದರು. ಹೊಣಕೆರೆಯಲ್ಲಿ ಒಂದು ಮಧ್ಯಾಹ್ನ ನಾನು ಮೊದಲ ಸಲ ಕಂಡದ್ದೇ ಅದನ್ನು. ಗದೆ ಹೊರುವ ಪಾತ್ರದ ದಢೂತಿ ಗೌಡ ಅಂಜುತ್ತ ಅಂಜುತ್ತ ಕಾಲೆತ್ತುತ್ತಿದ್ದ.

“ನೆಗೀಲಾ ಗೌಡ! ಉಂಡಿಲ್ವಾ?” ಕೆಳಗಿನಿಂದ ಕೂಗು.

“ಲೇ ಆಚಾರಿ, ನೀನ್ ಸತ್ರೆ ನನ್ ತಲೆಗ್ ಬತ್ತದೆ ಕಣ್ಲಾ. ಈಚೆಗ್ ಬಾ!”

“ಸತ್ರೆ ಪಕ್ಕುಕ್ ಎಳ್ದಾಕ್ಬುಟ್ಟು ನಾಟ್ಕ ಆಡು. ಈಗ ನೆಗಿ!”

ಧೂಳು ಕೊಡವಿಕೊಂಡು ಈಚೆ ಬಂದವರು ನನಗೆ ಹೇಳಿದ್ದರು: “ತೂಕ ಬ್ಯಾರೆ, ಏಟು ಬ್ಯಾರೆ ಮೇಷ್ಟ್ರೇ. ನಿಂತ್ಕಂಡ್ರೆ ತೂಕ, ನೆಗುದ್ರೆ ಏಟು. ಅಲಗೆ ತಡೀಬೇಕಾದ್ದು ಏಟ್ನ.”

ಸರ್ವೆ ಗಳವನ್ನು ನೆಟ್ಟಗೆ ನಿಲ್ಲಿಸಿದರೆ ಎಷ್ಟಾದರೂ ಹೊರುತ್ತದೆ, ಅಡ್ಡ ಹಾಕಿದರೆ ಬಾಗುತ್ತದೆ. ಒಮ್ಮೆ ನೆಂದ ಪ್ಲೈವುಡ್ಡನ್ನು ನಂಬಬಾರದು. ಇವೆಲ್ಲ ಅವರಿಂದ ಕಲಿತದ್ದು. ತೊಲೆಯಲ್ಲಿ ಗಂಟಿದ್ದರೆ ಆ ಮೈಗೆ ಸೀಸದಕಡ್ಡಿಯಿಂದ ಒಂದು ಗೀಟು ಎಳೆಯುತ್ತಿದ್ದರು. ಗೀಟು ಯಾವಾಗಲೂ ಮೇಲಕ್ಕೇ ಬರಬೇಕು. “ಗಂಟು ಮ್ಯಾಗಿದ್ರೆ ಅಮುಕ್ಕಂಡ್ ಕೂತ್ಕತದೆ. ಕೆಳೀಕಿದ್ರೆ ಬಾಯ್ಬುಡ್ತದೆ.”

ಶ್ರೀರಂಗಪಟ್ಟಣದಲ್ಲಿ ನನ್ನ ನಾಟಕ. ಸ್ಟೇಜಿನ ಕೆಳಗೆ ನಟ್ಟನಡುವೆ ಕಂಬ ಬೇಡ, ಜನ ನೆಲದೊಳಗಿಂದ ಎದ್ದು ಬರಬೇಕು ಎಂದೆ.

“ನಿಮ್ ನಾಟ್ಕದಲ್ಲಿ ಯಾರೂ ಬಾಗ್ಲಲ್ಲಿ ಬರಾಕಿಲ್ವಾ ಮೇಷ್ಟ್ರೇ?”

ನಕ್ಕರು. ಆದರೂ ಕಂಬದ ಬದಲು ದಪ್ಪನೆಯದೊಂದು ನೀಲಗಿರಿ ತೊಲೆ ಕೆತ್ತಿದರು. ಅದರಲ್ಲಿ ಗಂಟಿತ್ತು, ಗೀಟೂ ಬಿತ್ತು. ಸ್ಟೇಜಿನ ಒಳಭಾಗ ಪ್ರೇಕ್ಷಕರಿಗೆ ಕಾಣುತ್ತದೆ, ಕತ್ತಲೆಯಂತಿರಬೇಕು ಎಂದು ನಾನು ಅವರಿಲ್ಲದಾಗ ತೊಲೆಗೆ ಪುಟ್ಟಿ ಮೆತ್ತಿಸಿ, ಎರಡು ಸುತ್ತು ಕಪ್ಪು ಬಣ್ಣ ಹೊಡೆಸಿದೆ. ಗಂಟೂ ಹೋಯಿತು, ಗೀಟೂ ಹೋಯಿತು. ಅಲ್ಲಿ ಗೀಟಿದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಡೆಸಿದೆ.

ನಾಟಕದ ದಿನ ಬೆಳಿಗ್ಗೆ ಆಚಾರ್ರು ತೊಲೆಯನ್ನು ಹೊರಳಿಸಿ ಹೊರಳಿಸಿ ನೋಡಿದರು. ಅಲ್ಲಲ್ಲಿ ಬಡಿದರು. ತಲೆಯೆತ್ತಿ ನನ್ನನ್ನು ಕೇಳಿದರು: “ಇದೇ ಮ್ಯಾಗ್ಲ ಮೈಯಾ ಮೇಷ್ಟ್ರೇ?”

ನಾನು “ಹೂಂ” ಎಂದೆ.

ಈ ಸಾಲನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಹೊಡೆದುಹಾಕಿದ್ದೇನೆ. ಅಂದೆನೇ? ಅಲ್ಲಿದ್ದ ನಟನೊಬ್ಬ, ನೀವು ಹೂಂ ಅಂದಿರಿ, ನಾನೇ ಕಿವಿಯಾರೆ ಕೇಳಿಸಿಕೊಂಡೆ ಅನ್ನುತ್ತಾನೆ. ಇನ್ನೊಬ್ಬಳು, ನೀವು ಆಗ ಫೋನಿನಲ್ಲಿದ್ದಿರಿ, ತಿರುಗಿಯೂ ನೋಡಲಿಲ್ಲ ಅನ್ನುತ್ತಾಳೆ.

ತೊಲೆ ಕೂತಿತು. ಹಲಗೆ ಬಿತ್ತು. ಅವರು ಎಂದಿನಂತೆ ಕೆಳಗೆ ಮಲಗಿ “ನೆಗೀರಪ್ಪಾ” ಎಂದರು. ಎಂಟು ಜನ ನೆಗೆದರು. ಎರಡನೆಯ ಸಲ ನೆಗೆದಾಗ ತೊಲೆ ನಡುವಿಗೆ ಸೀಳಿ, ಎಲ್ಲವೂ ಅವರ ಎದೆಯ ಮೇಲೆ ಕುಸಿಯಿತು. ಹಲಗೆಗಳನ್ನು ಕಿತ್ತೆಸೆದು ಅವರನ್ನು ಎಳೆದುಕೊಂಡದ್ದು ನೆನಪಿದೆ. ಮುರಿದ ಕಡೆ, ತೊಲೆಯ ಕೆಳಮೈಯಲ್ಲಿ, ಗಂಟು ಬಾಯಿಬಿಟ್ಟಿತ್ತು. ಮೂರನೆಯ ದಿನ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಲ್ಲಿಯವರೆಗೂ ಒಂದು ಮಾತೂ ಆಡಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಅವರ ಹೆಂಡತಿ ನಮ್ಮ ಮನೆಗೆ ಬಂದರು. ಕೂರಲಿಲ್ಲ.

“ವಯಸ್ಸಾಗಿತ್ತು, ಆಚಾರಿಗೆ ಕಣ್ಣು ಮಂಜಾಗಿತ್ತು, ಗಂಟು ಕಾಣ್ದೆ ಆಕ್ಬುಟ್ಟ ಅಂತ ಜನ ಆಡ್ಕತಾವ್ರೆ. ನಲವತ್ ವರ್ಸ ಕೆಲ್ಸ ಮಾಡವ್ರೆ ಮೇಷ್ಟ್ರೇ. ನೀವ್ ಅಲ್ಲೇ ಇದ್ರಲ್ಲ. ಅವ್ರು ತಪ್ಪಿದ್ರಾ? ಅದೊಂದ್ ಯೋಳ್ಬುಡಿ, ಸಾಕು.”

ಬಣ್ಣ ಹೊಡೆಸಿದ್ದು ನಾನು ಎಂದೆ.

“ಅದು ಗೊತ್ತು. ನಿಮ್ಮನ್ನ ಒಂದ್ ಮಾತು ಕೇಳ್ನಿಲ್ವಾ ಅವ್ರು?”

“ಕೇಳಿದರು ತಾಯಿ.”

“ನೀವೇನಂದ್ರಿ?”

ನೆನಪಿಲ್ಲ ಎಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು. ಹೂಂ ಅಂದಿದ್ದರೆ ತಪ್ಪೆಲ್ಲ ನನ್ನದು, ಅವರ ಕೆಲಸಕ್ಕೆ ಕಳಂಕವಿಲ್ಲ. ಹಾಗೆಂದು ಊರಿಗೆಲ್ಲ ಸಾರಿ ಹೇಳಿಬಿಡಬಹುದು, ಹೇಳಿಯೂ ಇದ್ದೇನೆ. ಆದರೆ ನಿಜವಾಗಿ ಅಂದೆನೋ, ಸುಮ್ಮನಿದ್ದೆನೋ, ನನಗೆ ಗೊತ್ತಿಲ್ಲ.