ಮಂಗಳವಾರ ಪಾಲಬಾವಿ, ಬುಧವಾರ ಕೊಕಟನೂರ

ಜ್ಞಾನದೇವ ಕಾಂಬಳೆ ಪಾಲಬಾವಿ ಹೈಸ್ಕೂಲಿನ ಆಫೀಸಿಗೆ ಕಾಲಿಟ್ಟಾಗ ಗುಮಾಸ್ತೆ ಮಲಕವ್ವ ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

"ಬಂದ್ಯಾ ಡಾಕ್ಟರಾ? ರೋಗಿ ಅಲ್ಲೇ ಮಲಗೇತಿ ನೋಡು. ನಾ ಮನಿಗೆ ಹೋಗಿ ನಾಕ ರೊಟ್ಟಿ ಬಡದು ಬರ್ತೇನಿ."

"ಈ ಸಲ ಯಾರ ಪೆನ್‌ಡ್ರೈವ್ ಹಚ್ಚಿದ್ರಿ ಅಕ್ಕಾರ?"

"ಹೆಡ್‌ಮಾಸ್ತರ ಅಳಿಯಂದು. ಮದುವಿ ಫೋಟೋ ಇದ್ದುವು. ಬ್ಯಾಡ ಅನ್ನಾಕ ಬರ್ತೈತೇನೋ ತಮ್ಮಾ?"

ಪರದೆಯ ಮೇಲೆ ಪ್ರತಿ ಫೋಲ್ಡರಿಗೂ ಒಂದು ಜೋಡಿ ಹುಟ್ಟಿಕೊಂಡಿತ್ತು. ಯಾವುದನ್ನು ಒತ್ತಿದರೂ ತೆರೆಯುತ್ತಿರಲಿಲ್ಲ. ಜ್ಞಾನದೇವ ಚೀಲದಿಂದ ವಿಂಡೋಸ್ ಸಿಡಿ ತೆಗೆದು ಹಾಕಿದ. ಅದು ಕೇಳುವ ಇಪ್ಪತ್ತೈದು ಅಕ್ಷರ, ಅಂಕಿಗಳ ಸಂಕೇತವನ್ನು ಅವನು ಕೀಲಿಮಣೆ ನೋಡದೆ ಒತ್ತುತ್ತಿದ್ದ. ಮೊದಲು ಸಿಡಿಯ ಲಕೋಟೆಯ ಮೇಲೆ ಪೆನ್ನಿನಲ್ಲಿ ಬರೆದುಕೊಂಡಿದ್ದ. ಲಕೋಟೆ ಹರಿದುಹೋಗಿ ವರ್ಷಗಳಾಗಿದ್ದವು.

ರಾಯಬಾಗದಲ್ಲಿ ಐಟಿಐ ಮುಗಿಸಿದ ಅವನು 2003ರಲ್ಲಿ ಚಿಕ್ಕೋಡಿಯ ಒಂದು ಕಂಪ್ಯೂಟರ್ ಅಂಗಡಿ ಸೇರಿ ರಿಪೇರಿ ಕಲಿತ. ಮೂರು ವರ್ಷದ ನಂತರ ಹನ್ನೊಂದು ಶಾಲೆಗಳಿದ್ದ ಒಂದು ಶಿಕ್ಷಣ ಸಂಸ್ಥೆ ಅವನನ್ನು ಗೊತ್ತುಮಾಡಿಕೊಂಡಿತು. ಮಂಗಳವಾರ ಪಾಲಬಾವಿ, ಬುಧವಾರ ಕೊಕಟನೂರ, ಗುರುವಾರ ಶಿರಗುಪ್ಪಿ, ಹೀಗೆ ಅವನ ಬೈಕಿನ ಸುತ್ತು. ಹುಡುಗರ, ಮಾಸ್ತರರ ಪೆನ್‌ಡ್ರೈವುಗಳಿಂದ ವೈರಸ್ ಬರುತ್ತಿತ್ತು, ಅವನು ಹೋಗಿ ಫಾರ್ಮ್ಯಾಟ್ ಹೊಡೆಯುತ್ತಿದ್ದ, ಅಂದರೆ ಎಲ್ಲ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುತ್ತಿದ್ದ. ಫಾರ್ಮ್ಯಾಟ್ ದಿನ ಗುಮಾಸ್ತರಿಗೆ ಅರ್ಧ ದಿನದ ರಜೆ. ಮಲಕವ್ವ ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ಹಾಗೆ ಗುರುತು ಹಾಕಿಡುತ್ತಿದ್ದರು.

2011ರ ಅಕ್ಟೋಬರಿನಲ್ಲಿ ಬೆಂಗಳೂರಿನ ವಕೀಲರ ಕಚೇರಿಯೊಂದರಿಂದ ಸಂಸ್ಥೆಗೆ ಪತ್ರ ಬಂತು. ನಿಮ್ಮ ಒಂದೊಂದು ಕಂಪ್ಯೂಟರಿನಲ್ಲಿರುವ ವಿಂಡೋಸಿಗೂ ಕೊಂಡ ರಸೀದಿ ತೋರಿಸಿ, ಎಂದಿತ್ತು. ಸಂಸ್ಥೆಯ ಕಾರ್ಯದರ್ಶಿ ಅಣ್ಣಾಸಾಬ ಆಗ ಅಥಣಿಯ ಹತ್ತಿರದ ತಮ್ಮ ತೋಟದಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ ನೋಡಿಕೊಳ್ಳುತ್ತಿದ್ದರು. ಜ್ಞಾನದೇವನನ್ನು ಅಲ್ಲಿಗೇ ಕರೆಸಿದರು.

"ಏನಪಾ, ಎಷ್ಟ ಸಿಡಿ ಕೊಂಡೀವಿ ನಾವು?"

"ಒಂದೂ ಇಲ್ರಿ ಸಾಹೇಬ್ರ. ನನ್ನ ಕಡಿ ಇರೂದು ಒಂದ ಕಾಪಿ. ಅದನ್ನ ಎಲ್ಲಾಕಡೆ ಹಾಕೇನಿ."

"ಗೊತ್ತಿತ್ತು ನನಗ. ನಾನೂ ಬ್ಯಾಡ ಅನ್ನಲಿಲ್ಲ. ಈಗ ದಾರಿ ಹೇಳು."

ನೂರಾಮೂವತ್ತು ಯಂತ್ರಗಳಿಗೆ ಹೊಸದಾಗಿ ಕೊಳ್ಳುವುದು ಒಂದು ದಾರಿ. ಇನ್ನೊಂದು, ವಿಂಡೋಸಿನ ಬದಲು ಲಿನಕ್ಸ್. ಅದನ್ನು ಯಾರಾದರೂ ಎಷ್ಟು ಕಡೆ ಬೇಕಾದರೂ ಹಾಕಿಕೊಳ್ಳಬಹುದು, ರಸೀದಿ ಕೇಳುವವರಿಲ್ಲ. ಜ್ಞಾನದೇವನ ಮನೆಯ ಕಂಪ್ಯೂಟರಿನಲ್ಲಿ ಎರಡು ವರ್ಷದಿಂದ ಅದೇ ಇತ್ತು. ಇದನ್ನೆಲ್ಲ ಅವನು ವಿವರಿಸಿದ.

"ಅದಕ್ಕ ವೈರಸ್ ಹತ್ತತೈತೋ ಇಲ್ಲೋ?"

"ಈ ಪೆನ್‌ಡ್ರೈವ್ ವೈರಸ್ ಹತ್ತಂಗಿಲ್ರಿ."

"ಮತ್ತ ನಿನ್ನ ಎಷ್ಟ ಸಲ ಕರಸಬೇಕಾಗತೈತಿ?"

ಬಳ್ಳಿಸಾಲಿನ ಆಚೆ ಕತ್ತರಿಗಳ ಸದ್ದು ಕೇಳುತ್ತಿತ್ತು. ಸಂಸ್ಥೆ ಜ್ಞಾನದೇವನಿಗೆ ಭೇಟಿಯ ಲೆಕ್ಕದಲ್ಲಿ ದುಡ್ಡು ಕೊಡುತ್ತಿತ್ತು, ಮನೆ ನಡೆಯುತ್ತಿದ್ದುದು ಆ ಭೇಟಿಗಳಿಂದಲೇ. ಹೊಸದು ಕಠಿಣ, ಪದೇ ಪದೇ ನೋಡಬೇಕಾಗುತ್ತದೆ ಎಂದಿದ್ದರೆ ಅಲ್ಲಗಳೆಯುವವರು ಆ ತೋಟದಲ್ಲಿ ಯಾರೂ ಇರಲಿಲ್ಲ.

"ಒಂದ ಸಲ ಹಾಕಿ ಕಲಿಸಿದ ಮ್ಯಾಲ, ವರ್ಷಕ್ಕ ಎರಡ ಸಲ ಬಂದ್ರ ಸಾಕ್ರಿ."

"ಹಂಗಾರ ಹಾಕು," ಎಂದು ಅಣ್ಣಾಸಾಬ ಪತ್ರ ಮಡಚಿ ಜೇಬಿಗಿಟ್ಟುಕೊಂಡರು.

ಮನೆಯಲ್ಲಿ ಹೆಂಡತಿ ನೀಲಮ ಚಹಾ ಸೋಸುತ್ತಲೇ ಇದನ್ನು ಕೇಳಿಸಿಕೊಂಡಳು. "ಅಹೋ, ತಿಂಗಳಿಗೊಮ್ಮೆ ಅಂದಿದ್ರ ಅವರೇನ ಬಂದು ನೋಡತಿದ್ರ?"

"ಮಲಕವ್ವಕ್ಕಗ ಗೊತ್ತಾಗತಿತ್ತು."

"ಗೊತ್ತಾಗಲಿ! ಆಕಿಗೂ ರಜಾ ಬೇಕಲ್ಲಾ. ಬಾಯಿ ಬಿಡತಿದ್ಲೇನು?"

ಆ ಮಾತಿಗೆ ಅವನಿಗೆ ನಗು ಬಂತು. ನೀಲಮ ನಗಲಿಲ್ಲ. ಲೋಟ ಮುಂದಿಟ್ಟು, ಮಗಳ ಶಾಲೆ ಬಿಡುವ ಹೊತ್ತಾಯಿತೆಂದು ಎದ್ದು ಹೋದಳು.

ಕೆಲಸ ಪಾಲಬಾವಿಯಿಂದಲೇ ಶುರುವಾಯಿತು. ಲಿನಕ್ಸ್ ಹಾಕಿ, ವರ್ಗಾವಣೆ ಪತ್ರಗಳ ಹಳೆಯ ಕಡತ ತೆರೆದರೆ ಕನ್ನಡದ ಒಂದು ಅಕ್ಷರವೂ ಕಾಣಲಿಲ್ಲ. ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋಗಿ ಪರದೆ ತುಂಬಿದ್ದವು.

"ಅಯ್ಯ, ನನ್ನ ಹುಡುಗರ ಹೆಸರ ಎಲ್ಲಿ ಹ್ವಾದುವೋ?" ಮಲಕವ್ವ ಕುರ್ಚಿ ಹಿಂದೆ ತಳ್ಳಿ ಎದ್ದರು. "ಎಂಟ ವರ್ಷ ಕುಂತು ಬಡದೇನಿ. ನಿನ್ನ ಪುಕಟ್ ಸಾಮಾನು ನುಂಗಿ ಕುಂತತಲ್ಲಾ!"

ಹೆಸರುಗಳು ಹೋಗಿರಲಿಲ್ಲ. ಅವರು ಬಳಸುತ್ತಿದ್ದ ಹಳೆಯ ಫಾಂಟಿನಲ್ಲಿ ಯಂತ್ರದ ಒಳಗೆ ಉಳಿಯುತ್ತಿದ್ದುದು ಇಂಗ್ಲಿಷ್ ಅಕ್ಷರ, ಕನ್ನಡ ಅದರ ಮೇಲಿನ ವೇಷ ಮಾತ್ರ. ಆ ಫಾಂಟು ಹೊಸ ವ್ಯವಸ್ಥೆಯಲ್ಲಿ ಇರಲಿಲ್ಲ. ಕಡತಗಳನ್ನು ಯಾವ ಯಂತ್ರದಲ್ಲೂ ಕನ್ನಡವಾಗಿಯೇ ಉಳಿಯುವ ಯುನಿಕೋಡಿಗೆ ಪರಿವರ್ತಿಸುವ ಒಂದು ಪ್ರೋಗ್ರಾಮು ಜ್ಞಾನದೇವನಿಗೆ ಸಿಕ್ಕಿತು, ಆದರೆ ಅದು ಒತ್ತಕ್ಷರಗಳಲ್ಲಿ ಎಡವುತ್ತಿತ್ತು. ಹಾಗಾಗಿ ಮೂರು ವಾರ, ಮಲಕವ್ವ ದಾಖಲಾತಿ ರಿಜಿಸ್ಟರಿನಿಂದ ಒಂದೊಂದೇ ಹೆಸರು ಓದಿದರು, ಅವನು ಪರದೆಯಲ್ಲಿ ತಿದ್ದಿದ. ಬರಬರುತ್ತ ಅವರು ಪ್ರತಿ ಹೆಸರಿನ ಜೊತೆಗೆ ಹುಡುಗ ಯಾರ ಮಗ, ಈಗ ಎಲ್ಲಿದ್ದಾನೆ ಎಂಬುದನ್ನೂ ಹೇಳತೊಡಗಿದರು. ಕೆಲಸ ತಡವಾಯಿತು.

ಉಳಿದ ಹತ್ತು ಶಾಲೆಗಳ ಕಡತಗಳನ್ನೂ ಹೀಗೆಯೇ ದಾಟಿಸುವಷ್ಟರಲ್ಲಿ ಮಾರ್ಚ್ ಬಂತು. ಜನವರಿಯಿಂದೀಚೆ ರಿಪೇರಿಗೆ ಬಾ ಎಂದು ಪಾಲಬಾವಿಯವರು ಒಮ್ಮೆಯೂ ಕರೆದಿರಲಿಲ್ಲ. ಒಮ್ಮೆ ಮಾತ್ರ ಮಲಕವ್ವ ಫೋನ್ ಮಾಡಿ, ಮುದ್ರಣದಲ್ಲಿ ಅಂಚು ಕತ್ತರಿಸಿಹೋಗುತ್ತಿದೆ ಎಂದರು. ಏನು ಒತ್ತಬೇಕೆಂದು ಅವನು ಫೋನಿನಲ್ಲೇ ಹೇಳಿದ.

"ಆತಪಾ, ಬಂತು," ಎಂದರು ಮಲಕವ್ವ. "ಎಂಥಾ ಶಾಣ್ಯಾ ಅದಿಯೋ ತಮ್ಮಾ. ನನ್ನ ರಜಾನೂ ತಿಂದಿ, ನಿನ್ನ ಭೇಟಿನೂ ತಿಂದಿ."

ಏಪ್ರಿಲ್‌ನಲ್ಲಿ ಸಂಸ್ಥೆ ಹೊಸ ಕರಾರು ಕಳಿಸಿತು: ಪ್ರತಿ ಶಾಲೆಗೆ ವರ್ಷಕ್ಕೆ ಎರಡು ಭೇಟಿ. ಜ್ಞಾನದೇವ ಅದನ್ನು ಎರಡು ಸಲ ಓದಿ ಸಹಿ ಹಾಕಿದ. ಆಮೇಲೆ ಚಿಕ್ಕೋಡಿ, ಕಾಗವಾಡಗಳ ಅಂಗಡಿಗಳಲ್ಲಿ ಕೆಲಸ ವಿಚಾರಿಸಿದ, ಎಲ್ಲೂ ಆಗಲಿಲ್ಲ. ಕೊನೆಗೆ ನಿಪ್ಪಾಣಿಯ ಒಂದು ಮುದ್ರಣಾಲಯದವರು ತಮ್ಮ ಹಳೆಯ ಕನ್ನಡ, ಮರಾಠಿ ಕಡತಗಳನ್ನು ಯುನಿಕೋಡಿಗೆ ದಾಟಿಸಲು ಆಳು ಬೇಕೆಂದರು.

ಜೂನ್ ಮೊದಲ ಸೋಮವಾರ ಅವನು ಅಲ್ಲಿ ತಿಂಗಳ ಸಂಬಳಕ್ಕೆ ಸೇರಿದ. ಪಾಲಬಾವಿಗೆ ಮುಂದಿನ ಭೇಟಿ ಅಕ್ಟೋಬರಿನಲ್ಲಿ.