ಟವೆಲಿನೊಳಗಿನ ಉತ್ತರ

ನಾನು ಎತ್ತಿನ ದಲ್ಲಾಳಿ. ಕಂಪ್ಲಿ ಕಡೆಯ ಸಂತೆಗಳಲ್ಲಿ ನಮ್ಮ ವ್ಯಾಪಾರ ಬಾಯಲ್ಲಿ ಕುದುರುವುದಿಲ್ಲ. ಟವೆಲಿನ ಮರೆಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ದರ ತಿಳಿಸುತ್ತೇವೆ. ಅಲ್ಲಿ ತಿಳಿದದ್ದನ್ನು ಹೊರಗೆ ಆಡಿದವನ ಕೈಯನ್ನು ಮತ್ತೆ ಯಾರೂ ಹಿಡಿಯುವುದಿಲ್ಲ.

ಹೊಸಪೇಟೆಯಲ್ಲಿ ರೂಮು ಮಾಡಿಕೊಂಡಿದ್ದ ಇತಿಹಾಸದ ಮೇಡಂ ಒಬ್ಬರು ಗಣಿ ಜೋರಿದ್ದ ಕಾಲದ ಖಾಸಗಿ ಬಂದೂಕು ಪಡೆಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ಸಂಡೂರಿನ ಆಚೆಯ ಒಂದು ಊರಿನವರು ಅದಿರಿನ ಲಾರಿಗಳನ್ನು ತಡೆದಾಗ ಅಂಥದೊಂದು ಪಡೆ ನುಗ್ಗಿ ಹೊಡೆದು ಒಬ್ಬನನ್ನು ಕೊಂದಿತ್ತು. ಸತ್ತವನ ತಮ್ಮ ನನ್ನ ಹಳೆಯ ಗಿರಾಕಿ. ಹಾಗಾಗಿ ಮೇಡಂ ನನ್ನನ್ನು ಜೊತೆಗೆ ಕರೆದರು.

ದಾರಿಯಲ್ಲಿ ಬುದ್ಧಿ ಹೇಳಿದೆ. "ಹೋದಕೂಡ್ಲೆ ಸಾವಿನ ಮಾತು ತೆಗೀಬ್ಯಾಡ್ರಿ. ಮೊದ್ಲು ಎತ್ತು ನೋಡ್ರಿ. ಆದ್ರ ಹೊಗಳಬ್ಯಾಡ್ರಿ, ರೇಟ್ ಏರ್ತೈತಿ."

"ನಾನು ಎತ್ತು ಕೊಳ್ಳೋಕೆ ಬಂದಿಲ್ಲವಲ್ಲ."

"ಮಾತು ಕೊಳ್ಳಾಕ ಬಂದೀರಲ್ರಿ. ಅದೂ ವ್ಯಾಪಾರನ."

ಸತ್ತವನ ತಮ್ಮ, ಈಗ ಮುದುಕ, ಜಗಲಿಯ ಮೇಲೆ ಕೂತು ಊರೆಲ್ಲ ಹೇಳುವುದನ್ನೇ ಹೇಳಿದ. "ಹೊಡೆದವ್ರು ಎಲ್ಲಾ ಹೊರಗಿನವ್ರು ರೀ. ಗಡಿ ಆಕಡಿಂದ ಬಂದವ್ರು."

"ಆ ಪಡೆಯಲ್ಲಿ ನಿಮ್ಮೂರಿನವರು ಯಾರೂ ಇರಲಿಲ್ಲವಾ?" ಮೇಡಂ ಕೇಳಿದರು.

ಅವನು ಮೇಡಂ ಮುಂದಿಟ್ಟಿದ್ದ ರೆಕಾರ್ಡರನ್ನು ನೋಡಿದ, ಬಾಗಿಲನ್ನು ನೋಡಿದ. ಒಳಗೆ ಬಾಣಂತಿ ಮಗಳು ಕೂಸನ್ನು ತೂಗುತ್ತಿದ್ದಳು. ಅವಳನ್ನು ಕೊಟ್ಟದ್ದು ಎದುರು ಮನೆಗೇ.

ನನಗೆ ಸುಮ್ಮನಿರಲಾಗಲಿಲ್ಲ. ಹೆಗಲ ಟವೆಲು ತೆಗೆದು ನಡುವೆ ಹರವಿದೆ. "ಬಾಯಿ ಬ್ಯಾಡ ಕಾಕಾ. ಕೈ ಕೊಡು. ಊರವ್ರು ಎಷ್ಟು ಮಂದಿ?"

"ಭಾಳ ಶಾಣ್ಯಾ ಅದಿ ಲೇ ನೀ," ಎಂದ. ಆದರೂ ಕೈ ಕೊಟ್ಟ.

ಮೊದಲು ಒಂದು ಬೆರಳು ಹಿಡಿದ. ತುಸು ತಡೆದು ಇನ್ನೊಂದು. ಇಬ್ಬರು. ಆಮೇಲೆ ಇಡೀ ಅಂಗೈಯನ್ನೇ ಹಿಡಿದು, ಟವೆಲಿನೊಳಗೇ ಅದನ್ನು ಎದುರು ಮನೆಯ ಕಡೆಗೆ ತಿರುಗಿಸಿ ಒತ್ತಿದ. ಬಿಟ್ಟಾಗ ಅವನ ಮುಖ ಭಾರ ಇಳಿಸಿದವನ ಹಾಗಿತ್ತು.

ಹೊರಡುವಾಗ ಎದುರು ಮನೆಯ ಬೀಗರು ಕಟ್ಟೆಯಿಂದಲೇ ಕೇಳಿದರು, "ಏನ್ ದಲ್ಲಾಳಿ, ಎತ್ತು ಕುದುರ್ತೇನು?"

"ಇಲ್ರಿ. ರೇಟ್ ಭಾಳ ಆತು."

"ಚಾ ಕುಡ್ದು ಹೋಗ್ರಿ ಹಂಗಾರ."

ಬೇಡವೆಂದರೆ ಅನುಮಾನ ಬರುತ್ತದೆ. ಕುಡಿದೆ.

ಕಾರಿನಲ್ಲಿ ಮೇಡಂ ಕೇಳಿದರು, "ಏನು ಹೇಳಿದರು? ಯಾರ ಹೆಸರನ್ನೂ ಹಾಕುವುದಿಲ್ಲ."

"ಟವೆಲ್ ಒಳಗಿಂದು ಅಲ್ಲೇ ರೀ."

ಜಾಣತನ ಮಾಡಲು ಹೋಗಿ ನಾನೇ ಕೆಡಿಸಿದ್ದೆ. ಬಿಟ್ಟಿದ್ದರೆ ಅವನು ಎಂದಾದರೂ ಬಾಯಿಬಿಟ್ಟು ಹೇಳುತ್ತಿದ್ದನೇನೋ, ಅದು ಪುಸ್ತಕಕ್ಕೂ ಸೇರುತ್ತಿತ್ತೇನೋ. ಈಗ ಹೇಳಿ ಮುಗಿಸಿದ್ದಾನೆ. ಇನ್ನು ಹೇಳುವುದಿಲ್ಲ.

"ಹಾಗಾದರೆ ಉತ್ತರ ಕೊಡಲಿಲ್ಲ ಅಂತ ಬರೆಯಲಾ?"

"ಬರ್ಕೊಳ್ರಿ," ಎಂದೆ.